ಇ ಅಂಡ್ ಸಿ ಸೇರಿದ ಮಗಳಿಗೆ ಎಂತ ಲ್ಯಾಪ್‌ಟಾಪ್ ತಗೊಳ್ಳೋದು?

ಪ್ರಶ್ನೆ: ನಮ್ಮನೆ ಶಿರಸಿಯಿಂದ ಒಳಗೆ ಹಳ್ಳೀಲಿ, ಅಡಿಕೆ ತೋಟ. ಮಗಳಿಗೆ ಕಾರವಾರದಲ್ಲಿ ಇಂಜಿನಿಯರಿಂಗ್ ಸೀಟ್ ಆಗಿದೆ, ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ಬ್ರಾಂಚು, ಹಾಸ್ಟೆಲ್ಲು. ಲ್ಯಾಪ್‌ಟಾಪ್ ಬೇಕೇ ಬೇಕು ಹೇಳ್ತಾ ಕೂತಿದಾಳೆ. ಅಂಗಡಿಯವ್ರು ಐ7 ತಗೊಳ್ಳಿ ಅಂದ್ರು, ನನ್ನ ತಮ್ಮ ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡ್ಬಿಟ್ರೆ ನಾಲ್ಕು ವರ್ಷ ತಲೆಬಿಸಿ ಇಲ್ಲ ಅಂತಾನೆ, ಮಗಳ ಮನಸ್ಸು ಮ್ಯಾಕ್ ಮೇಲೆ. ನಮ್ಮ ಕೈಲಿ 60 ಸಾವಿರ, ಎಳೆದಾಡಿದ್ರೆ 65. ಎಂತ ತಗೊಳ್ಳೋದು ಹೇಳಿ.

ಉತ್ತರ: 60 ಸಾವಿರ ಸಾಕು ಮಾರಾಯ್ರೆ, ಮೊದಲು ಆ ಚಿಂತೆ ಬಿಡಿ. ನಿಮ್ಗೆ ಸಲಹೆ ಕೊಟ್ಟ ಮೂರು ಜನರೂ ಪೂರ್ತಿ ತಪ್ಪು ಹೇಳಿಲ್ಲ, ಆದ್ರೆ ಮೂವರಲ್ಲಿ ಒಬ್ರೂ ಈ ಮಷಿನ್ನು ಎಲ್ಲಿ ಇರ್ತದೆ, ಕೆಟ್ರೆ ಎಲ್ಲಿ ರಿಪೇರಿ ಆಗ್ತದೆ ಹೇಳಿ ಕೇಳಿದ ಹಾಗೆ ಕಾಣೋದಿಲ್ಲ. ಕಾಲೇಜು ನಡೆಯೋವಾಗ ಕಾರವಾರದ ಉಪ್ಪುಗಾಳಿ, ರಜೆಗೆ ಬಂದ್ರೆ ಶಿರಸಿ ಮಳೆ, ಕರೆಂಟಿಲ್ಲದ ಮೂರು ದಿನ, ನಡುವೆ ದೇವಿಮನೆ ಘಟ್ಟದಲ್ಲಿ ಬಸ್ಸಿನ ಕುಲುಕಾಟ. ಬೆಂಗಳೂರಲ್ಲಿ ಕೂತು ವಿಡಿಯೋ ಮಾಡೋರು ಹೇಳೋ ಲಿಸ್ಟು ಇದಕ್ಕೆ ಆಗೋದಿಲ್ಲ. ನಾನು 17 ವರ್ಷದಿಂದ ಶಿರಸೀಲಿ ಲ್ಯಾಪ್‌ಟಾಪ್ ಬಿಚ್ಚಿ ಜೋಡಿಸೋ ಕೆಲಸ ಮಾಡ್ಕೊಂಡು ಬಂದಿದ್ದೇನೆ, ನನ್ನ ಟೇಬಲ್ಲಿಗೆ ಬರೋ ಕಾಲೇಜು ಮಕ್ಕಳ ಮಷಿನ್ನಲ್ಲಿ ಪ್ರೊಸೆಸರ್ ಸಾಲ್ದೆ ಬಂದಿದ್ದು ಬೆರಳೆಣಿಕೆ, ಹಿಂಜ್ (ಮುಚ್ಚಳದ ಕೀಲು) ಮುರ್ಕೊಂಡು, ತುಕ್ಕು ಹಿಡ್ಕೊಂಡು, ನೀರು ಕುಡ್ಕೊಂಡು, ಇರುವೆ ಗೂಡಾಗಿ ಬಂದಿದ್ದೇ ರಾಶಿ.

ಕಳೆದ ಮಳೆಗಾಲದಲ್ಲಿ ಒಂದು ಬಂತು, ಕಾರವಾರದಲ್ಲಿ ಸಮುದ್ರದ ಬದಿಗೇ ಕಿಟಕಿ ಇರೋ ರೂಮಿನ ಹುಡುಗಂದು, ಎರಡು ವರ್ಷ ಆಗಿತ್ತಷ್ಟೆ. ಹೊರಗಿಂದ ನೋಡಿದ್ರೆ ಹೊಸದರ ಹಾಗೆ. ಅಡಿಯ ಸ್ಕ್ರೂ ತಿರುಗಿಸೋಕೆ ಹೋದ್ರೆ ತಲೆಯೇ ಉದುರಿ ಬಂತು, ಪೂರ್ತಿ ತುಕ್ಕು. ಮುಚ್ಚಳ ತೆಗೆದ್ರೆ ಗಾಳಿ ಎಳ್ಕೊಳ್ಳೋ ಜಾಗದಿಂದ ಫ್ಯಾನಿನವರೆಗೆ ಸಣ್ಣ ಬಿಳಿ ಪುಡಿ, ಯುಎಸ್‌ಬಿ ಪೋರ್ಟಿನ ಬುಡದಲ್ಲಿ ಹಸಿರು, ತಾಮ್ರದ ಚೊಂಬನ್ನ ತಿಂಗಳುಗಟ್ಲೆ ತೊಳೀದೆ ಇಟ್ರೆ ಬರ್ತದಲ್ಲ ಆ ಥರದ್ದು. ಉಪ್ಪಿನ ಗುಣ ಏನಂದ್ರೆ ಗಾಳೀಲಿ ತೇವ 75 ಪರ್ಸೆಂಟ್ ದಾಟಿದ್ರೆ ಅದೇ ನೀರೆಳೆದು ಕರಗೋಕೆ ಶುರು ಮಾಡ್ತದೆ, ಕರಾವಳೀಲಿ ಮಳೆಗಾಲ ಪೂರ್ತಿ ತೇವ ಅದಕ್ಕಿಂತ ಮೇಲೇ, ಅಂದ್ರೆ ಬೋರ್ಡಿನ ಮೇಲೆ ಕೂತ ಉಪ್ಪು ಒಣಗೋದೇ ಇಲ್ಲ, ಆ ಉಪ್ಪುನೀರಿನ ಪಸೇಲಿ ಕರೆಂಟ್ ಹರಿದ ಕಡೆಯೆಲ್ಲ ಲೋಹ ತಿಂತಾ ಹೋಗ್ತದೆ. ಕಂಪನಿ ವಾರಂಟೀಲಿ ಇದಕ್ಕೆ ಜಾಗ ಇಲ್ಲ, ನೀರು ಬಿದ್ದಿದ್ದು ಮತ್ತೆ ತುಕ್ಕು ಹಿಡಿದಿದ್ದು ಎರಡನ್ನೂ ಸಾಮಾನ್ಯವಾಗಿ ಹೊರಗಿಡ್ತಾರೆ.

ಹಾಗಂತ ಹೆದರಿ ಕೂತ್ಕೊಳ್ಳೋದು ಬೇಡ, ಕಾರವಾರದಲ್ಲಿ ಐದಾರು ವರ್ಷ ಚೆನ್ನಾಗಿ ಓಡಿದ ಮಷಿನ್ನೂ ನೋಡಿದ್ದೇನೆ. ವ್ಯತ್ಯಾಸ ಇರೋದು ಇಡೋ ರೀತೀಲಿ, ಅದನ್ನ ಕೊನೇಲಿ ಹೇಳ್ತೇನೆ. ಮೊದಲು ಕೊಳ್ಳೋ ವಿಷಯ.

ಇ ಅಂಡ್ ಸಿ ಹುಡುಗಿಗೆ ನಾಲ್ಕು ವರ್ಷದಲ್ಲಿ ಎಂತೆಂತ ಸಾಫ್ಟ್‌ವೇರ್ ಬೇಕು ನೋಡಿ. ಮೊದಲ ವರ್ಷ ಎಲ್ಲ ಬ್ರಾಂಚಿಗೂ ಹೆಚ್ಚುಕಡಿಮೆ ಒಂದೇ, ಸ್ವಲ್ಪ ಸಿ ಅಥವಾ ಪೈಥಾನು, ಡ್ರಾಯಿಂಗ್ ಇದ್ರೆ ಸಾಲಿಡ್ ಎಡ್ಜ್ ಥರದ್ದು. ಆಮೇಲೆ ಮ್ಯಾಟ್‌ಲ್ಯಾಬು, ಸರ್ಕ್ಯೂಟ್ ಸಿಮ್ಯುಲೇಶನ್ನಿಗೆ ಮಲ್ಟಿಸಿಮ್ ಅಥವಾ ಎಲ್‌ಟಿಸ್ಪೈಸು, ಮೈಕ್ರೋಕಂಟ್ರೋಲರ್ ಲ್ಯಾಬಿಗೆ ಕೈಲ್, ವೆರಿಲಾಗ್ (ಚಿಪ್ ಡಿಸೈನ್ ಬರೆಯೋ ಭಾಷೆ) ಬಂದಾಗ ವಿವಾಡೊ, ಪ್ರಾಜೆಕ್ಟಿಗೆ ಆರ್ಡುಯಿನೊ ಅಥವಾ ಇಎಸ್‌ಪಿ32 ಥರದ ಸಣ್ಣ ಬೋರ್ಡಿಗೆ ಬೇಕಾದ್ದು. ಇದರಲ್ಲಿ ಭಾರದ್ದು ಅಂದ್ರೆ ವಿವಾಡೊ ಒಂದೇ, ಅದು ರ‍್ಯಾಮೂ ತಿಂತದೆ ಡಿಸ್ಕೂ ತಿಂತದೆ, ಹಾಕೋವಾಗ್ಲೇ ಹತ್ತಾರು ಜಿಬಿ ನುಂಗ್ತದೆ. ಉಳಿದದ್ದೆಲ್ಲ ಸಾಧಾರಣ ಮಷಿನ್ನಲ್ಲಿ ಓಡ್ತದೆ. ಇದಕ್ಕೆ ಯಾವುದಕ್ಕೂ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಡ.

ಈ ಲಿಸ್ಟಿಂದಲೇ ಮ್ಯಾಕ್ ಪ್ರಶ್ನೆ ಮುಗೀತು. ಕೈಲ್‌ನ ಆ ಹಳೇ ಮೈಕ್ರೋವಿಷನ್, ಮಲ್ಟಿಸಿಮ್, ವಿವಾಡೊ ಮೂರೂ ಮ್ಯಾಕಲ್ಲಿ ನೇರ ಓಡೋದಿಲ್ಲ, 2020ರ ಎಂ1 ಚಿಪ್ಪಿನ ನಂತರ ಬಂದ ಮ್ಯಾಕ್‌ಗಳಲ್ಲಿ ಮೊದಲಿನ ಥರ ವಿಂಡೋಸನ್ನ ಪಕ್ಕದಲ್ಲಿ ಹಾಕ್ಕೊಳ್ಳೋಕೂ ಆಗೋದಿಲ್ಲ. ಮಗಳಿಗೆ ಬೇಜಾರಾಗ್ತದೆ ಗೊತ್ತು, ಅವಳು ಕಂಪ್ಯೂಟರ್ ಸೈನ್ಸ್ ಆಗಿದ್ರೆ ನಾನೇ ಸ್ವಲ್ಪ ಯೋಚನೆ ಮಾಡಿ ಅಂತಿದ್ದೆ, ಯಾಕಂದ್ರೆ ಮ್ಯಾಕ್‌ಬುಕ್ ಏರ್‌ಗೆ ಫ್ಯಾನೇ ಇಲ್ಲ, ಒಳಗೆ ಗಾಳಿ ಎಳ್ಕೊಳ್ಳೋದಿಲ್ಲ, ಕಾರವಾರದಂಥ ಊರಿಗೆ ಅದು ಸಣ್ಣ ಗುಣ ಅಲ್ಲ, ಬ್ಯಾಟರಿಯೂ ಬೆಳಿಗ್ಗೆಯಿಂದ ಸಂಜೆವರೆಗೆ ಬರ್ತದೆ. ಆದ್ರೆ ಅದರ ಬೋರ್ಡ್ ಹೋದ್ರೆ ರಿಪೇರಿ ಬಿಲ್ಲಿಗೆ ಅರ್ಧ ಕ್ವಿಂಟಲ್ ಚಾಲಿ ಅಡಿಕೆ ಮಾರ್ಬೇಕಾದೀತು.

ಗೇಮಿಂಗ್ ಲ್ಯಾಪ್‌ಟಾಪ್ ಬಗ್ಗೆ ನಿಮ್ಮ ತಮ್ಮನ್ನ ನಾನು ಬೈಯ್ಯೋ ಹಾಗಿಲ್ಲ, ಯಾಕಂದ್ರೆ ಅದೇ ತಪ್ಪು ನಾನೇ ಮಾಡಿದ್ದೇನೆ. ಅಕ್ಕನ ಮಗನಿಗೆ ನಾನೇ ಆರಿಸಿ ಕೊಡಿಸಿದ್ದು, ಭಾರೀ ಹೆಮ್ಮೇಲಿ. ಎರಡೂಕಾಲು ಕೇಜಿ ಮಷಿನ್ನು, ಇಟ್ಟಿಗೆಯಷ್ಟು ದೊಡ್ಡ ಅಡಾಪ್ಟರು ಅರ್ಧ ಕೇಜಿ ಮೇಲೆ. ಕ್ಲಾಸಲ್ಲಿ ಒಂದೂವರೆ ತಾಸಿಗೆ ಬ್ಯಾಟರಿ ಢಮಾರ್, ಪ್ಲಗ್ ಇರೋ ಗೋಡೆ ಬದಿ ಬೆಂಚಿಗೆ ಜಗಳ. ಎರಡನೇ ಸೆಮ್ಮಿಗೆ ಅವ ಅದನ್ನ ಹಾಸ್ಟೆಲ್ ಟೇಬಲ್ಲಿಂದ ಎಬ್ಬಿಸೋದೇ ಬಿಟ್ಟ, ಕ್ಲಾಸಿಗೆ ಪುನಃ ನೋಟ್‌ಬುಕ್ಕು ಪೆನ್ನು. ಇದ್ದ ಗ್ರಾಫಿಕ್ಸ್ ಕಾರ್ಡಲ್ಲಿ ಓದಿಗೆ ಸಂಬಂಧಪಟ್ಟಿದ್ದು ಎಂತ ಓಡಿಸಿದ ಅಂತ ಕೇಳಿದ್ರೆ ನಕ್ಕ. ಮೆಕ್ಯಾನಿಕಲ್‌ನವರಿಗೆ, ಆರ್ಕಿಟೆಕ್ಚರ್ ಮಕ್ಕಳಿಗೆ, ಮೂರು ಆಯಾಮದ ಮಾಡೆಲ್ಲು ರೆಂಡರ್ ಮಾಡೋರಿಗೆ ಅದು ಬೇಕು, ಒಪ್ಪಿದೆ. ಎಐ ಕಲೀಬೇಕು ಅದಕ್ಕೆ ಬೇಕು ಅನ್ನೋರೂ ಇದಾರೆ, ಕಲಿಯೋ ಹಂತಕ್ಕೆ ಗೂಗಲ್ ಕೊಲ್ಯಾಬ್ ಸಾಕು, ಬ್ರೌಸರಲ್ಲೇ ಅವರ ಜಿಪಿಯು (ಗ್ರಾಫಿಕ್ಸ್ ಚಿಪ್ಪು) ಸ್ವಲ್ಪ ಹೊತ್ತು ಫ್ರೀ ಸಿಗ್ತದೆ. ಮತ್ತೆ ಗೇಮಿಂಗ್ ಮಷಿನ್ನಿಗೆ ದೊಡ್ಡ ಫ್ಯಾನು ಎರಡು ಇರ್ತದೆ, ಅಷ್ಟೇ ಜೋರಾಗಿ ಉಪ್ಪುಗಾಳಿ ಒಳಗೆಳೀತದೆ, ಹಿಂದೆ ಹೇಳಿದ ಬಿಳಿ ಪುಡಿ ನೆನಪು ಮಾಡ್ಕೊಳ್ಳಿ.

ಈಗ ಅಂಗಡಿಯವರ ಐ7. ಇಲ್ಲಿ ಸ್ವಲ್ಪ ನಿಧಾನ ಓದಿ, ಎಲ್ಲರೂ ಬೀಳೋ ಹೊಂಡ ಇದೇ. ಐ3, ಐ5, ಐ7 ಅನ್ನೋದು ಇಂಟೆಲ್ ಪ್ರೊಸೆಸರಿನ ಮನೆತನದ ಹೆಸರು ಅಷ್ಟೆ, ಗುಣ ಇರೋದು ಅದರ ಮುಂದಿನ ನಂಬರಲ್ಲಿ. ಐ7-1255ಯು ಅನ್ನೋದು ಒಂದುಂಟು, ಅದರಲ್ಲಿ ದೊಡ್ಡ ಕೋರು (ಪ್ರೊಸೆಸರಿನೊಳಗೆ ಕೆಲಸ ಮಾಡೋ ಘಟಕ) ಎರಡೇ, ಉಳಿದ ಎಂಟು ಸಣ್ಣ ಕೋರು. ಅದೇ ಪೀಳಿಗೆಯ ಐ5-12450ಎಚ್‌ನಲ್ಲಿ ದೊಡ್ಡ ಕೋರು ನಾಲ್ಕು, ಸಣ್ಣದು ನಾಲ್ಕು. ಸಿಮ್ಯುಲೇಶನ್ ಥರದ ಒಂದೇ ಸಮ ಎಳೆಯೋ ಕೆಲಸಕ್ಕೆ ಆ ಐ5 ಈ ಐ7ಕ್ಕಿಂತ ಹಿಂದೆ ಬೀಳೋದಿಲ್ಲ. ಹಾಗೇ ಐ5-1334ಯು, ಐ7-1355ಯು ತಗೊಳ್ಳಿ, ಎರಡಕ್ಕೂ ಎರಡು ದೊಡ್ಡದು ಎಂಟು ಸಣ್ಣದು, ಐ7 ಚೂರು ಜೋರಾಗಿ ಓಡ್ತದೆ ಅಷ್ಟೆ, ಅದಕ್ಕೆ ಹತ್ತು ಸಾವಿರ ಜಾಸ್ತಿ ಕೊಟ್ರೆ ಅಂಗಡಿಯವರಿಗೆ ಹಬ್ಬ. ಕೊನೆಯ ಅಕ್ಷರ ಯು ಇದ್ರೆ ಕಡಿಮೆ ಕರೆಂಟ್ ಕುಡಿಯೋದು, ಎಚ್ ಇದ್ರೆ ಜಾಸ್ತಿ ಕುಡಿದು ಜಾಸ್ತಿ ದುಡಿಯೋದು. 2023ರ ಡಿಸೆಂಬರಿಂದ ಇಂಟೆಲ್‌ನವರು ಹೊಸ ಚಿಪ್ಪಲ್ಲಿ ಆ ಐ ಅಕ್ಷರ ಬಿಟ್ಟು ಕೋರ್ 5, ಕೋರ್ ಅಲ್ಟ್ರಾ 5 ಹೀಗೆ ಕರೀತಾ ಇದಾರೆ, ಅಂಗಡೀಲಿ ಎರಡೂ ಥರದ್ದು ಒಟ್ಟೊಟ್ಟಿಗೆ ಕಾಣ್ತದೆ, ಗಾಬರಿ ಬೇಡ.

ಇಂಟೆಲಿನ ಎದುರಾಳಿ ಎಎಂಡಿಯವರ ರೈಸೆನ್ ಪ್ರೊಸೆಸರಲ್ಲಿ ಹೊಂಡ ಇನ್ನೂ ಆಳ. ರೈಸೆನ್ 5 7520ಯು ಮತ್ತೆ ರೈಸೆನ್ 5 7530ಯು, ನೋಡೋಕೆ ಅಣ್ಣ ತಮ್ಮ. ಆ ಸೀರೀಸಲ್ಲಿ ಮೊದಲ ಅಂಕೆ ವರ್ಷ ತೋರಿಸ್ತದೆ, 7 ಅಂದ್ರೆ 2023, ಆದ್ರೆ ಒಳಗಿನ ಡಿಸೈನ್ ಯಾವ ಕಾಲದ್ದು ಅನ್ನೋದು ಮೂರನೇ ಅಂಕೇಲಿದೆ. 7520ಯು ಅಂದ್ರೆ ಮೂರನೇ ಅಂಕೆ 2, ಜೆನ್ 2, ಅದು 2019ರಲ್ಲಿ ಬಂದ ಡಿಸೈನು, ಹೊಸ ಕವರಲ್ಲಿ ಹಳೇ ಬೆಲ್ಲ. 7530ಯು ಜೆನ್ 3, 7535ಎಚ್‌ಎಸ್ ಅದಕ್ಕಿಂತ ತುಸು ಮೇಲೆ. ನಿಮ್ಮ ಬಜೆಟ್ಟಲ್ಲಿ ಮೂರನೇ ಅಂಕೆ 3 ಅಥವಾ 4 ಇರೋದು ಸಿಕ್ರೆ ತಗೊಳ್ಳಿ, 2 ಇದ್ರೆ ಮುಂದೆ ಹೋಗಿ. ಸೆಲೆರಾನು, ಅಥ್ಲಾನು, ಬರೀ ಎನ್100 ಇವು ಬಿಕಾಂ ಓದೋರ ಟ್ಯಾಲಿಗೆ, ಪಿಡಿಎಫ್ ಓದೋಕೆ ಆದೀತು, ಇಂಜಿನಿಯರಿಂಗಿಗೆ ಬೇಡ. ಎಐ ಪಿಸಿ ಅಂತ ಹೊಳೆಯೋ ಸ್ಟಿಕ್ಕರಿಗೂ ನೀವು ಒಂದು ರೂಪಾಯಿ ಜಾಸ್ತಿ ಕೊಡೋದು ಬೇಡ, ಅವಳ ಸಿಲೆಬಸ್ಸಲ್ಲಿ ಅದರ ಕೆಲಸ ಎಂತದೂ ಇಲ್ಲ.

ರ‍್ಯಾಮ್ 16 ಜಿಬಿ, ಶುರುವಿಂದಲೇ. ಮೊದಲೆಲ್ಲ ನಾನೇ 8 ತಗೊಳ್ಳಿ, ಆಮೇಲೆ ಇನ್ನೊಂದು 8 ಹಾಕಿ ಕೊಡ್ತೇನೆ ಅಂತಿದ್ದೆ. ಈಗ ಆ ಮಾತು ಹಿಂದೆ ತಗೊಂಡಿದ್ದೇನೆ. ಒಂದು, ತೆಳು ಮಷಿನ್ನುಗಳಲ್ಲಿ ರ‍್ಯಾಮನ್ನ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಆಮೇಲೆ ಹಾಕೋಕೆ ಜಾಗವೇ ಇರೋದಿಲ್ಲ. ಎರಡು, 2025ರ ಕೊನೆಯಿಂದ ರ‍್ಯಾಮ್ ರೇಟು ಏರಿದ ರೀತಿ ನೋಡಿದ್ರೆ ಅಡಿಕೆ ರೇಟೂ ನಾಚ್ಬೇಕು, ಡೇಟಾ ಸೆಂಟರ್‌ನವರು ಎಲ್ಲ ಎತ್ಕೊಂಡು ಹೋಗ್ತಾ ಇದಾರೆ. ಅಂಗಡೀಲಿ ಕೇಳೋ ಪ್ರಶ್ನೆ ಹೀಗಿರಲಿ: ರ‍್ಯಾಮ್ ಸೋಲ್ಡರ್ ಮಾಡಿದ್ದಾ ಸ್ಲಾಟಲ್ಲಿದ್ಯಾ, ಖಾಲಿ ಸ್ಲಾಟ್ ಎಷ್ಟು. ಗೊತ್ತಿಲ್ಲ ಅಂದ್ರೆ ಮಾಡೆಲ್ ನಂಬರ್ ಬರ್ಕೊಂಡು ಕಂಪನಿ ಸೈಟಲ್ಲಿ ನೋಡಿ, ಅಲ್ಲಿ ಸ್ಪಷ್ಟ ಇರ್ತದೆ. ಡಿಸ್ಕು 512 ಜಿಬಿ ಎಸ್‌ಎಸ್‌ಡಿ ಇರಲಿ. ತೆರೆದಾಗ 476 ಅಂತ ಕಾಣ್ತದೆ, ಮೋಸ ಆಯ್ತು ಹೇಳಿ ಫೋನ್ ಮಾಡ್ಬೇಡಿ, ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸ್ತದೆ, ವಿಂಡೋಸು 1024ರ ಲೆಕ್ಕದಲ್ಲಿ ಎಣಿಸ್ತದೆ ಅಷ್ಟೆ.

ಸ್ಕ್ರೀನು ಫುಲ್ ಎಚ್‌ಡಿ ಇರ್ಲಿ, ಐಪಿಎಸ್ ಪ್ಯಾನೆಲ್ ಇರ್ಲಿ. ಅಂಗಡೀಲಿ ಪಕ್ಕಕ್ಕೆ ನಿಂತು ನೋಡಿ, ಬಣ್ಣ ತೊಳೆದ ಹಾಗೆ ಮಂಕಾದ್ರೆ ಅದು ಹಳೇ ಥರದ ಪ್ಯಾನೆಲ್ಲು. 14 ಇಂಚು ಒಳ್ಳೇದು, ಬ್ಯಾಗಲ್ಲಿ ಕೂತ್ಕೊಳ್ತದೆ, ಒಂದೂವರೆ ಕೇಜಿ ಆಸುಪಾಸು. 15.6 ಆದ್ರೂ ಅಡ್ಡಿಲ್ಲ, 1.7 ದಾಟದಿದ್ರೆ ಸಾಕು.

ಇನ್ನು ಯಾರೂ ನೋಡದ, ನಾನು ಮಾತ್ರ ಮೊದಲು ನೋಡೋ ಜಾಗ, ಹಿಂಜು. ಮಷಿನ್ ಮುಚ್ಚಿ, ಮುಚ್ಚಳದ ಒಂದು ಮೂಲೆಗೆ ಒಂದೇ ಬೆರಳು ಕೊಟ್ಟು ಎತ್ತಿ. ಎದುರು ಮೂಲೆ ಜೊತೆಗೇ ಬರ್ಬೇಕು. ಈ ಮೂಲೆ ಮೇಲೆ ಬಂದು ಆ ಮೂಲೆ ಹಿಂದುಳಿದು ಮುಚ್ಚಳ ತಿರುಚಿಕೊಂಡ್ರೆ, ಆ ತಿರುಚು ದಿನಾ ಹತ್ತು ಸಲ ಹಿಂಜಿನ ಸ್ಕ್ರೂ ಮೇಲೆ ಬೀಳ್ತದೆ. ಅಗ್ಗದ ಮಷಿನ್ನಲ್ಲಿ ಆ ಸ್ಕ್ರೂ ಕೂತಿರೋದು ಪ್ಲಾಸ್ಟಿಕ್ಕಲ್ಲಿ ಹುದುಗಿಸಿದ ಹಿತ್ತಾಳೆ ಬಿಲ್ಲೇಲಿ, ಎರಡು ವರ್ಷದಲ್ಲಿ ಪ್ಲಾಸ್ಟಿಕ್ ಒಡೆದು ಬಿಲ್ಲೆ ಕಿತ್ತು ಬರ್ತದೆ, ತೆರೆಯೋವಾಗ ಕಟಕ್ ಅಂತ ಶಬ್ದ, ಅದನ್ನ ಕೇಳಿಯೂ ಮಕ್ಕಳು ಮತ್ತೊಂದು ತಿಂಗಳು ತೆರೆದು ಮುಚ್ಚಿ ಮಾಡ್ತಾರೆ, ಅಷ್ಟೊತ್ತಿಗೆ ಸ್ಕ್ರೀನಿನ ವೈರೂ ಕತ್ತರಿಸಿ ಹೋಗಿರ್ತದೆ. ಕೀಬೋರ್ಡಿನ ನಡುವೆ ಹೆಬ್ಬೆರಳಲ್ಲಿ ಒತ್ತಿ ನೋಡಿ, ಹಪ್ಪಳದ ಹಾಗೆ ಕುಸಿದ್ರೆ ಬೇಡ. ಅಂಗಡಿಯವ ಮುಖ ಸೊಟ್ಟ ಮಾಡಿದ್ರೆ ಮಾಡ್ಲಿ, 60 ಸಾವಿರ ಕೊಡೋರು ನೀವು.

ಬ್ಯಾಟರಿಗೆ ಎಷ್ಟು ತಾಸು ಬರ್ತದೆ ಅಂತ ಕೇಳ್ಬೇಡಿ, ಎಷ್ಟು ವ್ಯಾಟ್-ಅವರ್ ಅಂತ ಕೇಳಿ. 42 ಇದ್ರೆ, ಹಗುರ ಕೆಲಸಕ್ಕೆ ಮಷಿನ್ನು ಎಂಟು-ಹತ್ತು ವ್ಯಾಟ್ ತಿಂದ್ರೆ ನಾಲ್ಕೈದು ತಾಸು, 50ರ ಮೇಲಿದ್ರೆ ಚೊಲೋ. ಮತ್ತೆ ಟೈಪ್-ಸಿಯಲ್ಲಿ ಚಾರ್ಜ್ ಆಗೋ ಮಷಿನ್ನೇ ತಗೊಳ್ಳಿ, ಇದನ್ನ ನಮ್ಮ ಕಡೆಯವರಿಗೆ ನಾನು ಹಟ ಹಿಡಿದು ಹೇಳೋದು. ಜುಲೈಲಿ ಮರ ಬಿದ್ದು ಲೈನ್ ಹೋಯ್ತು ಅಂದ್ರೆ ನಿಮ್ಮ ಊರಿಗೆ ಕರೆಂಟ್ ಯಾವಾಗ ಬರ್ತದೆ ಅಂತ ನಿಮ್ಗೇ ಗೊತ್ತು. 65 ವ್ಯಾಟ್ ಹೊರಗೆ ಕೊಡೋ 20,000 ಎಂಎಎಚ್ ಪವರ್‌ಬ್ಯಾಂಕ್ ಒಂದಿದ್ರೆ, ಅದರೊಳಗೆ 74 ವ್ಯಾಟ್-ಅವರ್ ಇರ್ತದೆ, ಕಳೆದು ಉಳಿದಿದ್ದರಲ್ಲಿ ಲ್ಯಾಪ್‌ಟಾಪ್ ಒಂದು ಸಲ ಪೂರ್ತಿ ತುಂಬ್ತದೆ. ಫೋನಿಗೆ ತಂದಿಟ್ಟ 20 ವ್ಯಾಟಿಂದು ಇದಕ್ಕೆ ಆಗೋದಿಲ್ಲ, ತಪ್ಪಿ ಅದನ್ನೇ ಚುಚ್ಚಿ ಚಾರ್ಜ್ ಆಗೋದಿಲ್ಲ ಅನ್ಬೇಡಿ. ಹಾಸ್ಟೆಲ್ಲಲ್ಲಿ ಯಾವಾಗಲೂ ಪ್ಲಗ್ಗಲ್ಲೇ ಇರ್ತದೆ ಅಂದ್ರೆ ಸೆಟ್ಟಿಂಗಲ್ಲಿ 80 ಪರ್ಸೆಂಟಿಗೆ ಚಾರ್ಜ್ ನಿಲ್ಲಿಸೋ ಆಯ್ಕೆ ಇರ್ತದೆ, ಹಾಕ್ಬಿಡಿ, ಬ್ಯಾಟರಿ ಉಬ್ಬೋದು ಕಡಿಮೆ ಆಗ್ತದೆ.

ಇನ್ನೊಂದು, ಲೋಹದ ಮೈ ಇರೋ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಮುಟ್ಟಿದ್ರೆ ಜುಮ್ ಅಂತದೆ, ಶಾಕ್ ಹೊಡೀತದೆ ಹೇಳಿ ಎಷ್ಟೋ ಜನ ತಂದು ಕೊಟ್ಟಿದಾರೆ. ಹೆಚ್ಚಿನ ಸಲ ಮಷಿನ್ನಲ್ಲಿ ದೋಷ ಇರೋದಿಲ್ಲ. ಅಡಾಪ್ಟರ್ ಒಳಗೊಂದು ಸಣ್ಣ ಕೆಪಾಸಿಟರ್ ಇರ್ತದೆ, ಅದರ ಮೂಲಕ ಚೂರು ಕರೆಂಟ್ ಮೈಗೆ ಸೋರ್ತದೆ, ಮೂರು ಪಿನ್ನಿನ ಪ್ಲಗ್ಗೂ ಸರಿಯಾದ ಅರ್ತಿಂಗೂ ಇದ್ರೆ ಅದು ಭೂಮಿಗೆ ಹೋಗ್ತದೆ. ಹಳೇ ಮನೇಲಿ ಅರ್ತಿಂಗ್ ಇಲ್ಲ, ಇದ್ರೂ ಬೇಸಿಗೇಲಿ ಒಣಗಿರ್ತದೆ, ಮೂರು ಪಿನ್ನನ್ನ ಎರಡು ಪಿನ್ ಮಾಡೋ ಅಡಾಪ್ಟರ್ ಹಾಕಿರ್ತಾರೆ. ಮಷಿನ್ ಬದಲಿಸೋ ಮೊದಲು ಒಂದು ಸಲ ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ನೋಡ್ಸಿ, ಮಿಕ್ಸರು ಫ್ರಿಜ್ಜಿಗೂ ಒಳ್ಳೇದೇ.

ಸಿಡಿಲಿನ ಕಾಲದಲ್ಲಿ ಚಾರ್ಜರ್ ಕಿತ್ತಿಡ್ತಾರೆ, ಆದ್ರೆ ಮೋಡೆಮ್ಮಿಂದ ಬರೋ ಲ್ಯಾನ್ ಕೇಬಲ್ ಮರೀತಾರೆ. ಫೈಬರ್ ಗಾಜಿಂದು, ಅದರಲ್ಲಿ ಸಿಡಿಲು ಬರೋದಿಲ್ಲ, ಆದ್ರೆ ಆ ಮೋಡೆಮ್ಮಿಗೂ ಗೋಡೆಯ ಕರೆಂಟೇ ತಾನೆ, ಅಲ್ಲಿಂದ ತಾಮ್ರದ ಲ್ಯಾನ್ ವೈರಲ್ಲಿ ನಡೆದು ಲ್ಯಾಪ್‌ಟಾಪಿಗೆ ಬರ್ತದೆ. ಮೇ ತಿಂಗಳು ಮತ್ತೆ ಅಕ್ಟೋಬರಲ್ಲಿ ನನ್ನ ಹತ್ತಿರ ಬರೋ ಸುಟ್ಟ ಬೋರ್ಡಲ್ಲಿ ಲ್ಯಾನ್ ಪೋರ್ಟ್ ಕಪ್ಪಾಗಿರೋದು ಬೇಕಷ್ಟು.

ಸರ್ವೀಸ್ ವಿಷಯಕ್ಕೆ ಬರೋಣ. ನಾನು ಕಂಪನಿ ಹೆಸರು ಹೇಳೋದಿಲ್ಲ, ಒಂದೇ ಕಂಪನಿಯ ಒಂದು ಮಾಡೆಲ್ ಕಲ್ಲಿನ ಹಾಗೆ ಇದ್ರೆ ಇನ್ನೊಂದು ಹಪ್ಪಳ. ನೀವು ಮಾಡ್ಬೇಕಾದ್ದು ಇಷ್ಟು, ಕೊಳ್ಳೋ ಮೊದಲು ಆ ಕಂಪನಿಯ ಕಸ್ಟಮರ್ ಕೇರಿಗೆ ಫೋನ್ ಹಚ್ಚಿ ಎರಡು ಪಿನ್‌ಕೋಡ್ ಕೊಡಿ, ಕಾರವಾರದ್ದು 581301, ಶಿರಸಿದು 581401. ಈ ಎರಡು ಕಡೆ ಮನೆಗೇ ಬಂದು ರಿಪೇರಿ ಮಾಡ್ತೀರಾ, ಇಲ್ಲಾ ನಾವೇ ಹೊತ್ಕೊಂಡು ಬರ್ಬೇಕಾ ಅಂತ ಕೇಳಿ. ಆನ್‌ಸೈಟ್ ವಾರಂಟಿ ಅಂತ ಡಬ್ಬಿ ಮೇಲೆ ಬರೆದಿರ್ತದೆ, ನಮ್ಮ ಪಿನ್‌ಕೋಡ್ ಹೇಳಿದ ಕೂಡ್ಲೆ ದನಿ ಬದಲಾಗ್ತದೆ. ಹೊತ್ಕೊಂಡು ಹೋಗೋದೇ ಆದ್ರೆ ಶಿರಸಿಯವರಿಗೆ ಹುಬ್ಬಳ್ಳಿ ನೂರು ಕಿಲೋಮೀಟರು, ಕಾರವಾರದವರಿಗೆ ಮಡಗಾಂವ್ ಅದಕ್ಕಿಂತ ಹತ್ತಿರ. ಪರೀಕ್ಷೆ ವಾರದಲ್ಲಿ ಕೆಟ್ರೆ ಆ ನೂರು ಕಿಲೋಮೀಟರಿನ ಬೆಲೆ ಗೊತ್ತಾಗ್ತದೆ. ಒಂದು ಉತ್ತರ ಒಳ್ಳೇದು ಬಂದ ಕಂಪನಿಯ ಮಷಿನ್ ತಗೊಂಡು, ಉಳಿದ ಐದು ಸಾವಿರದಲ್ಲಿ ವಾರಂಟಿ ಮೂರು ವರ್ಷಕ್ಕೆ ಎಳೀರಿ, ಬಿದ್ದದ್ದು ನೀರು ಚೆಲ್ಲಿದ್ದು ಸೇರೋ ಆಕ್ಸಿಡೆಂಟಲ್ ಡ್ಯಾಮೇಜ್ ಪ್ಲಾನ್ ಇದ್ರೆ ಅದನ್ನೂ ಸೇರಿಸಿ. ಐ7ಗೆ ಕೊಡೋ ದುಡ್ಡು ಇಲ್ಲಿಗೆ ಹಾಕಿ ಅಂತ ನನ್ನ ಮಾತು.

ಯಾವಾಗ ತಗೊಳ್ಳೋದು? ಅವಸರ ಬೇಡ. ಮೊದಲ ಸೆಮ್ಮಲ್ಲಿ ಲ್ಯಾಬಿನ ಕಂಪ್ಯೂಟರಲ್ಲೇ ಕೆಲಸ ನಡೀತದೆ, ಒಂದು ತಿಂಗಳು ಕಾಲೇಜಿಗೆ ಹೋಗಿ ಸೀನಿಯರ್ಸ್ ಹತ್ತಿರ ಕೇಳ್ಲಿ, ದಸರಾ ದೀಪಾವಳಿ ನಡುವೆ ಆನ್‌ಲೈನಲ್ಲೂ ಅಂಗಡೀಲೂ ರೇಟ್ ಇಳೀತದೆ. ಆನ್‌ಲೈನಲ್ಲಿ ತರಿಸಿದ್ರೆ ಡಬ್ಬಿ ಒಡೆಯೋವಾಗ ಮೊದಲಿಂದ ಕೊನೆವರೆಗೆ ಕಟ್ ಮಾಡ್ದೆ ವಿಡಿಯೋ ತೆಗೀರಿ. ನನಗೇ ಒಂದು ಸಲ ಡಬ್ಬೀಲಿ ಬೇರೆ ಮಾಡೆಲ್ ಬಂದು, ವಿಡಿಯೋ ಇಲ್ದೆ 23 ದಿನ ಫೋನಲ್ಲಿ ಭಜನೆ ಮಾಡಿದ್ದೇನೆ. ಅಂಗಡೀಲಿ ತಗೊಂಡ್ರೆ ಜಿಎಸ್‌ಟಿ ಬಿಲ್ಲೇ ಬೇಕು, 18 ಪರ್ಸೆಂಟ್ ಉಳಿಸ್ತೇನೆ ಹೇಳಿ ಚೀಟಿ ಬರ್ಕೊಟ್ರೆ ತಗೊಳ್ಬೇಡಿ, ವಾರಂಟಿ ಲೆಕ್ಕ ಬಿಲ್ಲಿನ ತಾರೀಕಿಂದಲೇ. ಡಬ್ಬಿ ಮೇಲೆ ವಿಂಡೋಸ್ 11 ಇದ್ಯಾ ನೋಡಿ, ಡಾಸ್ ಅಂತಿದ್ರೆ ವಿಂಡೋಸಿಗೆ ಬೇರೆ ದುಡ್ಡು. ಎಜುಕೇಶನ್ ಲೋನ್ ಮಾಡ್ಸೋರಿದ್ರೆ ಬ್ಯಾಂಕಲ್ಲಿ ಕೇಳಿ, ಕೋರ್ಸಿಗೆ ಬೇಕಾದ ಕಂಪ್ಯೂಟರಿನ ಖರ್ಚನ್ನೂ ಅದರಲ್ಲೇ ಸೇರಿಸೋಕೆ ಅವಕಾಶ ಇರ್ತದೆ.

ಸೆಕೆಂಡ್‌ಹ್ಯಾಂಡ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಇದನ್ನ ಓದೋ ಬೇರೆಯವರಿಗೆ ಹೇಳ್ತೇನೆ. ಬೆಂಗಳೂರಿನ ಎಸ್‌ಪಿ ರೋಡಿಂದ ಬರೋ ಆಫೀಸ್ ಲ್ಯಾಪ್‌ಟಾಪ್‌ಗಳು, ಥಿಂಕ್‌ಪ್ಯಾಡು, ಲ್ಯಾಟಿಟ್ಯೂಡು ಇಂಥವು, ಗಟ್ಟಿ ಮೈ, ಸ್ಪೇರ್ ಸಿಗ್ತದೆ, ಬಿಎ ಬಿಕಾಂ ಮಕ್ಕಳಿಗೆ 25 ಸಾವಿರದೊಳಗೆ ನಾನು ಅದನ್ನೇ ಕೊಡ್ಸೋದು. ಇಂಟೆಲ್ 8ನೇ ಪೀಳಿಗೆಗಿಂತ ಹಿಂದಿಂದು ಮಾತ್ರ ಬೇಡ, ವಿಂಡೋಸ್ 11 ಅದಕ್ಕೆ ಅಧಿಕೃತವಾಗಿ ಬರೋದಿಲ್ಲ, ವಿಂಡೋಸ್ 10ರ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗ್ದಿದೆ.

ಮಷಿನ್ ಬಂದ ದಿನ ಒಂದು ಕೆಲಸ. ವಿಂಡೋಸ್ ಶುರು ಮಾಡೋವಾಗ ಮೈಕ್ರೋಸಾಫ್ಟ್ ಅಕೌಂಟ್ ಕೇಳ್ತದೆ, ಅದನ್ನ ಅಂಗಡಿ ಹುಡುಗನ ಕೈಲಿ ಮಾಡ್ಸ್ಬೇಡಿ, ಮಗಳೇ ಅವಳ ಮೇಲ್ ಐಡಿ, ಬದಲಾಗದ ಫೋನ್ ನಂಬರ್ ಕೊಟ್ಟು ಮಾಡ್ಲಿ, ಪಾಸ್‌ವರ್ಡ್ ಪುಸ್ತಕದಲ್ಲಿ ಬರೆದಿಡ್ಲಿ. ಯಾಕಂದ್ರೆ ಈಗಿನ ವಿಂಡೋಸ್ 11 ಡಿಸ್ಕನ್ನ ತನ್ನಷ್ಟಕ್ಕೆ ಬೀಗ ಹಾಕ್ತದೆ, ಬೀಗದ ಕೀ ಆ ಅಕೌಂಟಲ್ಲಿರ್ತದೆ. ಅಕೌಂಟ್ ಯಾರದ್ದು ಅಂತಲೇ ಗೊತ್ತಿಲ್ದೆ, ಒಂದು ದಿನ ನೀಲಿ ಸ್ಕ್ರೀನಲ್ಲಿ 48 ಅಂಕಿಯ ಕೀ ಕೇಳಿ, ಪ್ರಾಜೆಕ್ಟ್ ರಿಪೋರ್ಟ್ ಒಳಗೇ ಉಳಿದು ಹುಡುಗಿ ನನ್ನ ಅಂಗಡೀಲಿ ಅತ್ತಿದ್ದುಂಟು. ನಾನು ಎಂತ ಮಾಡ್ಲಿ, ಅದು ಮುರಿಯೋ ಬೀಗ ಅಲ್ಲ. ಆಂಟಿವೈರಸ್‌ಗೆ ದುಡ್ಡು ಬೇಡ, ವಿಂಡೋಸಿನ ಡಿಫೆಂಡರ್ ಸಾಕು, ಆದ್ರೆ ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ವಾಪಸ್ ತಂದು ಚುಚ್ಚೋ ಅಭ್ಯಾಸ ಬಿಡ್ಸಿ, ಪ್ರಿಂಟಿಗೆ ವಾಟ್ಸಾಪಲ್ಲಿ ಕಳಿಸಿದ್ರೆ ಸಾಕು.

ಇನ್ನು ಇಡೋ ರೀತಿ. ಸಮುದ್ರದ ಬದಿ ಕಿಟಕಿ ಹತ್ತಿರ ಟೇಬಲ್ ಇದ್ರೆ ಟೇಬಲ್ಲನ್ನೇ ಈಚೆ ಎಳೀಲಿ. ಕೆಲಸ ಆದ್ಮೇಲೆ ಬೆಚ್ಚಗಿರೋವಾಗ್ಲೇ ಚೀಲಕ್ಕೆ ತುರುಕೋದು ಬೇಡ, ಹತ್ತು ನಿಮಿಷ ಬಿಟ್ಟು ಜಿಪ್ ಇರೋ ಬಟ್ಟೆ ಕವರಲ್ಲಿ ಹಾಕಿಡ್ಲಿ, ಒಳಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ, ತಿಂಗಳಿಗೊಂದ್ಸಲ ಬದಲು ಮಾಡ್ಲಿ. ಸುಮ್ನೆ ಕೂಡಿಡೋದು ಬಳಸೋದಕ್ಕಿಂತ ಕೆಟ್ಟದ್ದು, ದಿನಾ ಒಂದು ತಾಸು ಆನ್ ಆದ್ರೆ ಒಳಗಿನ ಬಿಸಿಗೇ ತೇವ ಹೋಗ್ತದೆ, ರಜೆಗೆ ಮನೆಗೆ ಬಂದು ಕಪಾಟಲ್ಲಿ ಒಂದು ತಿಂಗಳು ಇಟ್ರೆ ಬೂಷ್ಟು ಹಿಡೀತದೆ, ಗೋಡೆಗೆ ಹಿಡಿದ ಹಾಗೇ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಅಡಿ ಮುಚ್ಚಳ ತೆಗೆಸಿ ಬ್ರಶ್ ಹೊಡೆಸಿ, ಹೆಚ್ಚು ಖರ್ಚಿನ ಕೆಲಸ ಅಲ್ಲ.

ಇರುವೆ ವಿಷಯ ತಮಾಷೆ ಅಲ್ಲ. ಮಳೆ ಜೋರಾದಾಗ ಸಣ್ಣ ಇರುವೆಗೆ ಬೆಚ್ಚಗಿನ, ಕತ್ತಲೆಯ, ಒಣ ಜಾಗ ಬೇಕು, ಲ್ಯಾಪ್‌ಟಾಪಿಗಿಂತ ಬೇರೆ ಬಂಗಲೆ ಯಾವ್ದುಂಟು. ಕೀಬೋರ್ಡ್ ತೆಗೆದ್ರೆ ಕೆಳಗೆ ಸಾಬಕ್ಕಿ ಚೆಲ್ಲಿದ ಹಾಗೆ ಬಿಳಿ ಮೊಟ್ಟೆ, ಇರುವೆಗಳು ಅದನ್ನ ಎತ್ಕೊಂಡು ಓಡ್ತಿರ್ತಾವೆ, ನಾನು ಬ್ರಶ್ ಹಿಡ್ಕೊಂಡು ಪಾಪ ಅಂತ ನೋಡ್ತಿರ್ತೇನೆ. ಲ್ಯಾಪ್‌ಟಾಪಿನ ಮೇಲೆ ಚಕ್ಕುಲಿ ಬಾಳೆಕಾಯಿ ಚಿಪ್ಸ್ ಇಟ್ಕೊಂಡು ತಿನ್ನೋದು ನಿಲ್ಲಿಸ್ಲಿ ಅಷ್ಟೆ.

ನೀರು ಚೆಲ್ಲಿದ್ರೆ, ಚಾ ಚೆಲ್ಲಿದ್ರೆ, ಅದು ಸರಿ ಇದ್ಯಾ ನೋಡೋಣ ಹೇಳಿ ಆನ್ ಮಾಡೋದು ಮೊದಲ ಪಾಪ. ಚಾರ್ಜರ್ ಕೀಳೋದು, ಪವರ್ ಬಟನ್ ಒತ್ತಿ ಹಿಡಿದು ಆರಿಸೋದು, ತೆರೆದು ಗುಡಾರದ ಹಾಗೆ ಬೋರಲು ಹಾಕೋದು, ಹಾಗೇ ನನ್ನಂಥವರ ಹತ್ತಿರ ಅದೇ ದಿನ ತರೋದು. ಅಕ್ಕಿ ಡಬ್ಬೀಲಿ ಹುಗಿಯೋದು ಎರಡನೇ ಪಾಪ, ಅಕ್ಕಿ ಒಳಗಿನ ನೀರು ಎಳೆಯೋದಿಲ್ಲ, ಅಷ್ಟು ದಿನ ಒಳಗೆ ತುಕ್ಕು ಆರಾಮಾಗಿ ಬೆಳೀತದೆ. ಹೋದ ವರ್ಷ ಒಬ್ರು ನಾಲ್ಕು ದಿನ ಸೋನಾ ಮಸೂರಿಯೊಳಗೆ ಇಟ್ಟು ತಂದಿದ್ರು, ಬೋರ್ಡು ಹೋಗಿತ್ತು, ಫ್ಯಾನಿನ ರೆಕ್ಕೆಯಿಂದ ನಾನು ಚಿಮಟಾದಲ್ಲಿ ಹೆಕ್ಕಿದ ಅಕ್ಕಿ ಕಾಳು 31, ಎಣಿಸಿ ಅವರ ಕೈಗೇ ಕೊಟ್ಟೆ.